ಒಣ ಹವೆಯ ಪಟ್ಟಣಗಳಲ್ಲಿ ನೀರು, ನೆರಳು ಮತ್ತು ಹಸಿರು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಮರುಭೂಮಿ ಎಂದೊಡನೆ ರಾಜಸ್ಥಾನದ ಥಾರ್ ಪ್ರದೇಶವು ನೆನಪಿಗೆ ಬರುವುದು ಸಹಜ. ಆದರೆ ದೇಶದ ಉಷ್ಣ ಶುಷ್ಕ ವಲಯವು ರಾಜಸ್ಥಾನಕ್ಕೆ ಮಾತ್ರ ಸೀಮಿತವಾದುದಲ್ಲ. ಸುಮಾರು 3.2 ಕೋಟಿ ಹೆಕ್ಟೇರ್ ವಿಸ್ತಾರದ ಈ ವಲಯದಲ್ಲಿ ಶೇಕಡ 60ಕ್ಕೂ ಹೆಚ್ಚಿನ ಪಾಲು ರಾಜಸ್ಥಾನದಲ್ಲಿದ್ದು, ಉಳಿದ ಪಾಲಿನಲ್ಲಿ ಗುಜರಾತ್, ಆಂಧ್ರಪ್ರದೇಶ, ಪಂಜಾಬ್, ಹರಿಯಾಣ ಹಾಗೂ ಮಹಾರಾಷ್ಟ್ರಗಳ ಜೊತೆಗೆ ಕರ್ನಾಟಕದ ಕೆಲವು ಭಾಗಗಳೂ ಸೇರಿವೆ. ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿರುವ ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಚಿತ್ರದುರ್ಗದ ಬಯಲು ಸೀಮೆಯು ಶುಷ್ಕ ಅಥವಾ ಅರೆಶುಷ್ಕ ಹವೆಯ ಪ್ರದೇಶವಾಗಿದೆ. ಇಲ್ಲಿ ಮಳೆಯಾಗಿ ಬೀಳುವ ನೀರಿಗಿಂತ ಬಿಸಿಲಿಗೆ ಆವಿಯಾಗಬಲ್ಲ ನೀರಿನ ಪ್ರಮಾಣವೇ ಬಹುಪಾಲು ಹೆಚ್ಚು.

ಈ ಪ್ರದೇಶದ ಪಟ್ಟಣಗಳಲ್ಲಿ ಹಸಿರನ್ನು ಬೆಳೆಸುವುದು ಹೇಗೆ, ಬೆಳೆದುದನ್ನು ಉಳಿಸಿಕೊಳ್ಳುವುದು ಹೇಗೆ, ಇದಕ್ಕಾಗಿ ನಾಗರಿಕರು ಯಾವ ಕಚೇರಿಗೆ ಅರ್ಜಿ ಸಲ್ಲಿಸಬಹುದು ಎಂಬ ವಿವರಗಳನ್ನು ಈ ಲೇಖನದಲ್ಲಿ ನೀಡಲಾಗಿದೆ. ವಿವರಣೆಗಾಗಿ ವಿಜಯಪುರ ನಗರವನ್ನು ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ. ಇಲ್ಲಿ ಹೇಳಿರುವ ಕ್ರಮಗಳು ಇಂತಹುದೇ ಹವೆಯ ಇತರ ಪಟ್ಟಣಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ. ಲೇಖನದ ಮುಖ್ಯ ಆಶಯ ಇಷ್ಟು: ಒಣ ಪಟ್ಟಣದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಮುಖ್ಯವಲ್ಲ, ಮೂರನೆಯ ಬೇಸಿಗೆಯ ನಂತರ ಬದುಕಿ ಉಳಿದಿರುವ ಸಸಿಗಳ ಸಂಖ್ಯೆ ಮುಖ್ಯ. ಆದುದರಿಂದ ನೀರಿನ ವ್ಯವಸ್ಥೆ ಮೊದಲು, ಸಸಿ ನಂತರ.

1. ಹವಾಮಾನ ಮತ್ತು ಹಿಂದುಳಿದಿರುವಿಕೆ

ವಿಜಯಪುರ ಜಿಲ್ಲೆಯಲ್ಲಿ ವಾರ್ಷಿಕ ಸರಾಸರಿ ಮಳೆಯ ಪ್ರಮಾಣವು ಸುಮಾರು 550ರಿಂದ 600 ಮಿಲಿಮೀಟರ್. ಈ ಮಳೆಯೂ ವರ್ಷವಿಡೀ ಹಂಚಿ ಬೀಳುವುದಿಲ್ಲ. ಜೂನ್‌ನಲ್ಲಿ ಆರಂಭವಾಗಿ ನಡುವೆ ದೀರ್ಘ ಬಿಡುವು ಕೊಟ್ಟು, ಸೆಪ್ಟೆಂಬರ್ ಸುಮಾರಿಗೆ ಹೆಚ್ಚು ಬಿರುಸಾಗುವುದು ಇಲ್ಲಿನ ವಾಡಿಕೆ. ಕೆಲವೇ ದಿನಗಳಲ್ಲಿ ಸುರಿಯುವ ಮಳೆಯ ನೀರು ಗಟ್ಟಿ ನೆಲದ ಮೇಲೆ ಹರಿದು ಹಳ್ಳ ಸೇರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯವಾಗಿದ್ದು, ರಾಯಚೂರು ಹಾಗೂ ಕಲಬುರಗಿಯ ಕಡೆಗೆ ಇದು ಇನ್ನೂ ಹೆಚ್ಚಾಗಿರುತ್ತದೆ. ಜಿಲ್ಲೆಯ ಭೌಗೋಳಿಕ ಪ್ರದೇಶದಲ್ಲಿ ಅರಣ್ಯವೆಂದು ದಾಖಲಾದ ಭೂಮಿ ಶೇಕಡ 1ಕ್ಕಿಂತಲೂ ಕಡಿಮೆ. 1988ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಭೂಭಾಗದ ಮೂರನೆಯ ಒಂದು ಭಾಗವು ಅರಣ್ಯ ಅಥವಾ ವೃಕ್ಷಾಚ್ಛಾದಿತವಾಗಿರಬೇಕೆಂಬ ಗುರಿಯನ್ನು ಹೊಂದಿರುವುದನ್ನು ಇಲ್ಲಿ ಗಮನಿಸಬಹುದು.

ಹವೆಯ ಕಾಠಿಣ್ಯದೊಂದಿಗೆ ಆರ್ಥಿಕ ಹಿನ್ನಡೆಯೂ ಸೇರಿಕೊಂಡಿದೆ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ರಚಿಸಲಾಗಿದ್ದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಲಾಗಿತ್ತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಾಗಿದ್ದು, ಅವುಗಳಲ್ಲಿ ಹೆಚ್ಚಿನವು ಉತ್ತರ ಕರ್ನಾಟಕಕ್ಕೆ ಸೇರಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೂಲಿ ಅರಸಿ ಮಹಾರಾಷ್ಟ್ರ, ಗೋವಾ ಮತ್ತು ಬೆಂಗಳೂರಿಗೆ ಗುಳೆ ಹೋಗುವುದು ಈ ಭಾಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಹವಾಮಾನ ಬದಲಾವಣೆಯಿಂದ ಬಿಸಿಲಿನ ದಿನಗಳು ಹೆಚ್ಚುವ ಹಾಗೂ ಮಳೆಯು ಇನ್ನಷ್ಟು ಅನಿಶ್ಚಿತವಾಗುವ ಸಂಭವವಿರುವುದರಿಂದ, ಪಟ್ಟಣಗಳು ಮುಂಚಿತವಾಗಿಯೇ ಸಿದ್ಧವಾಗಬೇಕಾಗಿದೆ.

2. ಬಿಸಿಲಿನ ಭಾರ ಯಾರ ಮೇಲೆ

ಭಾರತ ಹವಾಮಾನ ಇಲಾಖೆಯ ಮಾನದಂಡದಂತೆ, ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟು ಏರಿಕೆಯಾಗಿದ್ದಲ್ಲಿ ಅದನ್ನು ಬಿಸಿಗಾಳಿಯ ಸ್ಥಿತಿ ಎಂದು ಪರಿಗಣಿಸಲಾಗುತ್ತದೆ. ವಾಡಿಕೆ ಏನೇ ಇರಲಿ, ಉಷ್ಣಾಂಶವು 45 ಡಿಗ್ರಿ ಮುಟ್ಟಿದಲ್ಲಿಯೂ ಅದು ಬಿಸಿಗಾಳಿಯೇ.

ಬಿಸಿಲು ಎಲ್ಲರ ಮೇಲೂ ಬೀಳುತ್ತದೆಯಾದರೂ ಅದರ ಭಾರ ಸಮಾನವಾಗಿರುವುದಿಲ್ಲ. 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸಲಾಗಿತ್ತು. ಆದರೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ, ಕಟ್ಟಡ ಕಾರ್ಮಿಕರಿಗೆ, ಹಮಾಲರಿಗೆ, ಪೌರಕಾರ್ಮಿಕರಿಗೆ ಮತ್ತು ಟಾಂಗಾ, ಆಟೋ ಓಡಿಸುವವರಿಗೆ ಮಧ್ಯಾಹ್ನದ ದುಡಿಮೆಯನ್ನು ಬಿಡುವುದು ಸುಲಭವಲ್ಲ. ತಗಡಿನ ಛಾವಣಿಯ ಒಂದೇ ಕೋಣೆಯ ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ರಾತ್ರಿಯೂ ತಂಪು ದೊರೆಯುವುದಿಲ್ಲ. ವೃದ್ಧರು, ಗರ್ಭಿಣಿಯರು, ಹಸುಗೂಸುಗಳು ಮತ್ತು ದೀರ್ಘಕಾಲದ ಕಾಯಿಲೆಯುಳ್ಳವರಿಗೆ ಅಪಾಯವು ಇನ್ನೂ ಹೆಚ್ಚು.

ಅಹಮದಾಬಾದ್ ನಗರದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯ ಅವಧಿಯಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ್ದವೆಂದು ಅಧ್ಯಯನದಿಂದ ತಿಳಿದುಬಂದಿತು. ಇದರ ಪರಿಣಾಮವಾಗಿ ಆ ನಗರವು 2013ರಲ್ಲಿ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಮುನ್ನೆಚ್ಚರಿಕೆ ನೀಡುವುದು, ಆಸ್ಪತ್ರೆಗಳನ್ನು ಸಜ್ಜುಗೊಳಿಸುವುದು, ಕುಡಿಯುವ ನೀರಿನ ವ್ಯವಸ್ಥೆ ಮಾಡುವುದು ಇದರ ಮುಖ್ಯ ಅಂಶಗಳು. ನಂತರದ ವರ್ಷಗಳಲ್ಲಿ ಬಡವರ ಮನೆಗಳ ಛಾವಣಿಗೆ ಬಿಳಿ ಬಣ್ಣ ಬಳಿಯುವ ಕಾರ್ಯವನ್ನೂ ಅಲ್ಲಿ ಕೈಗೊಳ್ಳಲಾಯಿತು. ಸುಣ್ಣ ಬಳಿದ ಛಾವಣಿಯು ಬಿಸಿಲನ್ನು ಹೀರದೆ ಹಿಂದಿರುಗಿಸುವುದರಿಂದ ಮನೆಯ ಒಳಗಿನ ಸೆಕೆ ಕಡಿಮೆಯಾಗುತ್ತದೆ. ಮರ ಬೆಳೆಯುವವರೆಗೆ ಕಾಯಲಾಗದ ಮನೆಗಳಿಗೆ ಇದು ಅಲ್ಪ ವೆಚ್ಚದ ತಕ್ಷಣದ ಉಪಾಯ.

3. ಮರವು ತಂಪು ನೀಡುವ ಬಗೆ

ಮರವು ಎರಡು ವಿಧದಲ್ಲಿ ತಂಪನ್ನುಂಟುಮಾಡುತ್ತದೆ. ಮೊದಲನೆಯದು ನೆರಳು. ಬಿಸಿಲು ನೇರವಾಗಿ ಡಾಂಬರು, ಕಾಂಕ್ರೀಟು ಮತ್ತು ಗೋಡೆಗಳ ಮೇಲೆ ಬಿದ್ದಾಗ ಅವು ಶಾಖವನ್ನು ಹಗಲು ಹೀರಿಕೊಂಡು ರಾತ್ರಿ ಹೊರಬಿಡುತ್ತವೆ. ಮರದ ಕೊಂಬೆಗಳು ಈ ಬಿಸಿಲನ್ನು ಮೇಲೆಯೇ ತಡೆಯುತ್ತವೆ. ಎರಡನೆಯದು ಎಲೆಗಳ ಮೂಲಕ ನೀರು ಆವಿಯಾಗುವಿಕೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವು ಬೇಕಾಗುತ್ತದೆ. ಈ ಶಾಖವನ್ನು ಎಲೆಯು ಸುತ್ತಲಿನಿಂದ ಪಡೆಯುವುದರಿಂದ ಮರದ ಬಳಿ ತಂಪೆನಿಸುತ್ತದೆ.

ಒಣ ಸೀಮೆಯ ಮರಗಳು ನೀರನ್ನು ಉಳಿಸಿಕೊಳ್ಳುವ ಸಲುವಾಗಿ ಬಿರುಬಿಸಿಲಿನಲ್ಲಿ ಎಲೆಗಳ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಇಂತಹ ಪಟ್ಟಣಗಳಲ್ಲಿ ಮರದ ಪ್ರಧಾನ ಪ್ರಯೋಜನವೆಂದರೆ ನೆರಳೇ. ನೆರಳು ಎಲ್ಲಿ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಜನರು ಹೋಗದ ಕಡೆ ನೂರು ಮರಗಳಿರುವುದಕ್ಕಿಂತ ಬಸ್ ನಿಲುಗಡೆ, ಸಂತೆ ಮೈದಾನ, ಪಡಿತರ ಅಂಗಡಿ, ಅಂಗನವಾಡಿ, ನೀರು ಹಿಡಿಯುವ ನಲ್ಲಿ ಮತ್ತು ಆಸ್ಪತ್ರೆಯ ಮುಂದಿನ ಸರದಿಯ ಬಳಿ ಹತ್ತು ಮರಗಳಿರುವುದು ಹೆಚ್ಚು ಉಪಯುಕ್ತ. ಹಿಂದಿನವರು ಅರಳಿಕಟ್ಟೆಗಳನ್ನು ಊರಿನ ನಡುವೆ, ಜನ ಕೂಡುವ ಜಾಗದಲ್ಲಿಯೇ ಕಟ್ಟಿದುದರ ಹಿಂದೆ ಈ ತಿಳಿವಳಿಕೆ ಇತ್ತು.

4. ವಿಜಯಪುರದ ಜಲ ಪರಂಪರೆ

ನೀರಿನ ಆಸರೆ ಕಡಿಮೆಯಿರುವ ಎತ್ತರದ ಬಯಲಿನಲ್ಲಿ ದೊಡ್ಡ ನಗರವೊಂದು ಬದುಕಬಲ್ಲದು ಎಂಬುದಕ್ಕೆ ವಿಜಯಪುರದ ಇತಿಹಾಸವೇ ಸಾಕ್ಷಿ. ಆದಿಲ್‌ಶಾಹಿ ಅರಸರ ರಾಜಧಾನಿಯಾಗಿದ್ದ ಈ ನಗರಕ್ಕೆ ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಸುರಂಗದ ಮೂಲಕ ನೀರನ್ನು ತರಲಾಗುತ್ತಿತ್ತು. ನಗರದ ದಕ್ಷಿಣಕ್ಕೆ 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ನಿರ್ಮಾಣವಾದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಕೊಳವೆಗಳಲ್ಲಿ ನೀರಿನ ಒತ್ತಡವನ್ನು ತಗ್ಗಿಸಲು ಹಾಗೂ ಹೂಳನ್ನು ತಡೆಯಲು 'ಗಂಜ್' ಎಂಬ ಕಲ್ಲಿನ ಗೋಪುರಗಳನ್ನು ಕಟ್ಟಲಾಗಿತ್ತು. ಇವುಗಳಲ್ಲಿ ಕೆಲವನ್ನು ಇಂದಿಗೂ ನಗರದಲ್ಲಿ ಕಾಣಬಹುದು. ಇದಲ್ಲದೆ ಚಾಂದ್ ಬಾವಡಿ, 1620ರ ತಾಜ್ ಬಾವಡಿ ಮುಂತಾದ ಮೆಟ್ಟಿಲು ಬಾವಿಗಳು ಮಳೆಗಾಲದ ನೀರನ್ನು ಬೇಸಿಗೆಗೆ ಕಾಯ್ದಿರಿಸುತ್ತಿದ್ದವು.

1686ರಲ್ಲಿ ಮೊಗಲರು ನಗರವನ್ನು ವಶಪಡಿಸಿಕೊಂಡ ನಂತರ ಈ ವ್ಯವಸ್ಥೆಯ ಪಾಲನೆ ಕ್ರಮೇಣ ನಿಂತಿತು. ಕಾಲಾಂತರದಲ್ಲಿ ಹಲವು ಬಾವಡಿಗಳು ಹೂಳು ಮತ್ತು ಕಸದಿಂದ ತುಂಬಿದವು. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯೂ ಸೇರಿದಂತೆ ಹಲವು ಬಾವಡಿಗಳ ಹೂಳೆತ್ತುವ ಕಾರ್ಯವನ್ನು ಕೈಗೊಳ್ಳಲಾಗಿದೆ. 2011ರ ಜನಗಣತಿಯಂತೆ ಸುಮಾರು 3.27 ಲಕ್ಷ ಜನಸಂಖ್ಯೆಯ ಈ ನಗರಕ್ಕೆ ಈಗ ಕೃಷ್ಣಾ ನದಿಯ ನೀರು ದೊರೆಯುತ್ತಿದೆ. ಆದರೆ ದೂರದಿಂದ ಪಂಪು ಮಾಡಿ ತಂದು ಶುದ್ಧೀಕರಿಸಿದ ಕುಡಿಯುವ ನೀರನ್ನು ಗಿಡಗಳಿಗೆ ಬಳಸುವುದು ದುಬಾರಿಯಷ್ಟೇ ಅಲ್ಲ, ಅನುಚಿತವೂ ಹೌದು. ಕುಡಿಯಲು ಯೋಗ್ಯವಲ್ಲದ ಬಾವಡಿಯ ನೀರು, ಛಾವಣಿಯ ಮಳೆ ನೀರು ಹಾಗೂ ಶುದ್ಧೀಕರಿಸಿದ ಬಳಕೆ ನೀರು ಗಿಡಮರಗಳ ಪಾಲಿಗೆ ಮೀಸಲಾಗಬೇಕು.

5. ಇತ್ತೀಚಿನ ಪ್ರಯತ್ನಗಳು

ವಿಜಯಪುರ ಜಿಲ್ಲೆಯಲ್ಲಿ ಒಂದು ಕೋಟಿ ಸಸಿಗಳನ್ನು ನೆಡುವ ಗುರಿಯೊಂದಿಗೆ 2016ರಲ್ಲಿ ಕೋಟಿ ವೃಕ್ಷ ಅಭಿಯಾನವು ಆರಂಭವಾಯಿತು. ಸರ್ಕಾರಿ ಇಲಾಖೆಗಳು, ಶಾಲಾ ಕಾಲೇಜುಗಳು, ಸಂಘ ಸಂಸ್ಥೆಗಳು ಮತ್ತು ರೈತರು ಇದರಲ್ಲಿ ಪಾಲ್ಗೊಂಡಿದ್ದಾರೆ. ಇದೇ ಅವಧಿಯಲ್ಲಿ ಏತ ನೀರಾವರಿ ಕಾಮಗಾರಿಗಳ ಮೂಲಕ ಜಿಲ್ಲೆಯ ಅನೇಕ ಕೆರೆಗಳಿಗೆ ಕೃಷ್ಣಾ ನದಿಯ ನೀರನ್ನು ತುಂಬಿಸಲಾಯಿತು. ಇವೆರಡನ್ನೂ ಒಟ್ಟಿಗೆ ನೋಡಬೇಕು. ಕೆರೆಯಲ್ಲಿ ನೀರು ನಿಂತಾಗ ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ, ಆ ತೇವದಲ್ಲಿ ಸಸಿ ಉಳಿಯುತ್ತದೆ.

ಕೇಂದ್ರ ಸರ್ಕಾರದ ಅಮೃತ್ ಯೋಜನೆಯು 2015ರಲ್ಲಿ ಆರಂಭವಾದಾಗ ಉದ್ಯಾನವನಗಳ ಅಭಿವೃದ್ಧಿಯು ಅದರ ಒಂದು ಅಂಗವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ಪ್ರಾರಂಭವಾದ ಅಮೃತ್ 2.0 ಯೋಜನೆಯಲ್ಲಿ ಪಟ್ಟಣಗಳ ಕೆರೆಕುಂಟೆಗಳ ಪುನಶ್ಚೇತನಕ್ಕೂ ಅವಕಾಶ ಕಲ್ಪಿಸಲಾಯಿತು. ನಗರಗಳ ಅಂಚಿನ ಅರಣ್ಯ ಭೂಮಿಯಲ್ಲಿ ಹಸಿರು ತಾಣಗಳನ್ನು ರೂಪಿಸಲು ನಗರ ವನ ಯೋಜನೆಯನ್ನು 2020ರಲ್ಲಿ ಪ್ರಕಟಿಸಲಾಯಿತು. ರಾಜ್ಯದ ಅರಣ್ಯ ಇಲಾಖೆಯು ಸಾಲುಮರದ ತಿಮ್ಮಕ್ಕ ಅವರ ಹೆಸರಿನಲ್ಲಿ ವೃಕ್ಷೋದ್ಯಾನಗಳನ್ನು ನಿರ್ಮಿಸಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ತಿಮ್ಮಕ್ಕ ದಂಪತಿಗಳು ಬೆಳೆಸಿದ ಆಲದ ಮರಗಳು ನಾಡಿಗೆ ಪರಿಚಿತ. ಅವರು ಸಸಿ ನೆಟ್ಟಷ್ಟಕ್ಕೇ ಬಿಡದೆ ಬಿಂದಿಗೆಗಳಲ್ಲಿ ನೀರು ಹೊತ್ತು ಹಾಕಿದರು, ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಅವರ ಮರಗಳು ಉಳಿಯಲು ಇದೇ ಕಾರಣ.

6. ಛಾವಣಿಯ ನೀರಿನ ಲೆಕ್ಕ

ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದಲ್ಲಿ ಒಂದು ಲೀಟರ್ ನೀರು ದೊರೆಯುತ್ತದೆ. 30 × 40 ಅಡಿ ನಿವೇಶನದ ಸಾಧಾರಣ ಮನೆಯ ಛಾವಣಿ 80 ಚದರ ಮೀಟರ್ ಇದೆಯೆಂದು ಭಾವಿಸೋಣ. ವರ್ಷಕ್ಕೆ 550 ಮಿಲಿಮೀಟರ್ ಮಳೆಯಾದಲ್ಲಿ ಅದರ ಮೇಲೆ ಬೀಳುವ ನೀರು 44,000 ಲೀಟರ್. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 35,000 ಲೀಟರ್‌ಗಳಿಗೆ ಕೊರತೆಯಿಲ್ಲ.

ಇನ್ನು ಸಸಿಯ ಅಗತ್ಯವನ್ನು ಗಮನಿಸಿದರೆ, ಮಳೆಯಿಲ್ಲದ ಎಂಟು ತಿಂಗಳು ವಾರಕ್ಕೆ ಎರಡು ಬಾರಿ 15 ಲೀಟರ್‌ನಂತೆ ನೀರುಣಿಸಿದಲ್ಲಿ ಒಂದು ಸಸಿಗೆ ವರ್ಷಕ್ಕೆ ಸುಮಾರು 1,000 ಲೀಟರ್ ಸಾಕಾಗುತ್ತದೆ. ಎರಡು ಅಥವಾ ಮೂರು ಬೇಸಿಗೆಗಳನ್ನು ದಾಟಿದ ಬೇವು, ಹೊಂಗೆಗಳಂತಹ ಮರಗಳು ನಂತರ ತಮ್ಮ ಬೇರಿನ ಬಲದಿಂದಲೇ ಬದುಕುತ್ತವೆ.

ಇದಕ್ಕೆ ಪ್ರತಿಯಾಗಿ ಹುಲ್ಲುಹಾಸಿನ ಲೆಕ್ಕವನ್ನು ನೋಡಬಹುದು. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲುಹಾಸಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಗುಂಟೆ, ಅಂದರೆ ಸುಮಾರು 100 ಚದರ ಮೀಟರ್ ಹುಲ್ಲುಹಾಸು ತಿಂಗಳಿಗೆ 15,000 ಲೀಟರ್ ನೀರನ್ನು ಕುಡಿಯುತ್ತದೆ. ಇಷ್ಟು ನೀರಿನಲ್ಲಿ 15 ಸಸಿಗಳನ್ನು ಇಡೀ ವರ್ಷ ಸಾಕಬಹುದು. ಆದ್ದರಿಂದ ಒಣ ಪಟ್ಟಣದ ಉದ್ಯಾನವನವು ಹುಲ್ಲುಹಾಸು ಮತ್ತು ಕಾರಂಜಿಗಳ ತಾಣವಾಗುವುದಕ್ಕಿಂತ ನೆರಳಿನ ಮರಗಳು, ಕುಳಿತುಕೊಳ್ಳಲು ಕಟ್ಟೆ ಮತ್ತು ಮಳೆ ನೀರು ಇಂಗುವ ತಗ್ಗುಗಳನ್ನು ಹೊಂದಿರುವುದು ಸೂಕ್ತ. ನೀರು ಸಂಗ್ರಹಿಸಲು ತೊಟ್ಟಿಗೆ ಸ್ಥಳವಿಲ್ಲದ ಮನೆಯವರು ಛಾವಣಿಯ ಕೊಳವೆಯನ್ನು ಇಂಗುಗುಂಡಿಗೆ ಜೋಡಿಸಬಹುದು. ಸ್ನಾನದ ನೀರನ್ನು ಸಣ್ಣ ಕಾಲುವೆಯ ಮೂಲಕ ಗಿಡದ ಪಾತಿಗೆ ತಿರುಗಿಸಬಹುದು.

7. ಸೂಕ್ತ ಮರಗಳ ಆಯ್ಕೆ

ಕಪ್ಪು ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಎಳೆಯ ಸಸಿಗಳ ಬೇರಿಗೆ ಪೆಟ್ಟಾಗುತ್ತದೆ. ಇದನ್ನು ಸಹಿಸಬಲ್ಲ ಸ್ಥಳೀಯ ಜಾತಿಗಳನ್ನೇ ಆರಿಸಿಕೊಳ್ಳಬೇಕು. ರಸ್ತೆ ಬದಿಗೆ ಬೇವು, ಹೊಂಗೆ, ಬಾಗೆ ಮತ್ತು ತಪಸಿ ಮರಗಳು ಸೂಕ್ತ. ವಿಶಾಲವಾದ ಬಯಲು, ಶಾಲಾ ಆವರಣ ಮತ್ತು ಕೆರೆ ದಂಡೆಗಳಿಗೆ ಆಲ, ಅರಳಿ, ಹುಣಸೆ, ನೇರಳೆಗಳನ್ನು ಆರಿಸಬಹುದು. ಆಲ, ಅರಳಿಗಳನ್ನು ಮನೆಯ ಗೋಡೆ, ನೀರಿನ ತೊಟ್ಟಿ ಮತ್ತು ಸ್ಮಾರಕಗಳ ಸಮೀಪ ನೆಡಬಾರದು. ಮನೆಯ ಅಂಗಳಕ್ಕೆ ನುಗ್ಗೆ, ಕರಿಬೇವು, ಸೀತಾಫಲ, ನಿಂಬೆ ಮತ್ತು ಬೋರೆ ಗಿಡಗಳು ಹೊಂದಿಕೊಳ್ಳುತ್ತವೆ. ವಿದ್ಯುತ್ ತಂತಿಯ ಕೆಳಗೆ ಎತ್ತರ ಬೆಳೆಯುವ ಮರಗಳನ್ನು ನೆಡಬಾರದು.

ದಸರಾ ಹಬ್ಬದಂದು ಪೂಜಿಸುವ ಬನ್ನಿ ಮರವು ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ರಾಜಸ್ಥಾನದಲ್ಲಿ ಖೇಜಡಿ ಎಂದು ಕರೆಯಲ್ಪಡುವ, ಆ ರಾಜ್ಯದ ರಾಜ್ಯವೃಕ್ಷವಾಗಿರುವ ಮರವೂ ಇದೇ. 1730ರಲ್ಲಿ ಜೋಧಪುರ ಸಮೀಪದ ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಉಳಿಸಲು ಅಮೃತಾದೇವಿ ಸೇರಿದಂತೆ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ತೆತ್ತರೆಂಬುದು ಪ್ರಸಿದ್ಧ. ಮರುಭೂಮಿಯ ನಡುವೆಯೂ ಹಸಿರಾಗಿ ನಿಲ್ಲುವ ಈ ಮರವು ನಮ್ಮ ಎರೆ ಭೂಮಿಯ ಬದುಗಳಲ್ಲಿಯೂ ಬೆಳೆಯುತ್ತದೆ. ಇದೇ ಕುಲಕ್ಕೆ ಸೇರಿದುದೆಂದು ಹೇಳಲಾಗುತ್ತಿದ್ದ, ವಿದೇಶದಿಂದ ಬಂದ ಬಳ್ಳಾರಿ ಜಾಲಿಯ ಗುಣವೇ ಬೇರೆ. ಅದು ಕೆರೆಯಂಗಳ ಮತ್ತು ಗೋಮಾಳಗಳನ್ನು ಆಕ್ರಮಿಸಿ ಇತರ ಸಸ್ಯಗಳು ಬೆಳೆಯದಂತೆ ಮಾಡುವುದರಿಂದ ಅದನ್ನು ನೆಡಬಾರದು. ಶೀಘ್ರವಾಗಿ ಬೆಳೆಯುತ್ತದೆಂಬ ಕಾರಣಕ್ಕೆ ಜನಪ್ರಿಯವಾದ ಕೋನೊಕಾರ್ಪಸ್ ಗಿಡವನ್ನು ನೆಡುವುದನ್ನು ಗುಜರಾತ್ ಸರ್ಕಾರವು 2023ರಲ್ಲಿ ನಿಷೇಧಿಸಿದ್ದು, ಅದನ್ನೂ ತ್ಯಜಿಸುವುದು ಲೇಸು.

8. ನೆಡುವ ಮತ್ತು ಪಾಲಿಸುವ ಕ್ರಮ

(1) ಎರಡು ಅಡಿ ಉದ್ದ, ಅಗಲ ಮತ್ತು ಆಳದ ಗುಂಡಿಯನ್ನು ಏಪ್ರಿಲ್–ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ರಸ್ತೆ ಬದಿಯ ಎತ್ತರದ ಸಸಿಗಳಿಗೆ ಗುಂಡಿಯು ಇನ್ನೂ ದೊಡ್ಡದಾಗಿರಬೇಕು.

(2) ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಗುಂಡಿಯ ಮೇಲ್ಭಾಗವು ಸುತ್ತಲಿನ ನೆಲಕ್ಕಿಂತ ತುಸು ತಗ್ಗಾಗಿದ್ದಲ್ಲಿ ಮಳೆಯ ನೀರು ಅಲ್ಲಿಯೇ ನಿಂತು ಇಂಗುತ್ತದೆ.

(3) ಮೊದಲ ಹದ ಮಳೆಯ ನಂತರವೇ ನೆಡಬೇಕು. ಕಾರ್ಯಕ್ರಮದ ದಿನಾಂಕಕ್ಕಾಗಿ ಒಣ ನೆಲದಲ್ಲಿ ಸಸಿ ನೆಡುವುದು ವ್ಯರ್ಥ. ಜೂನ್‌ನಲ್ಲಿ ಮಳೆ ತಡವಾದಲ್ಲಿ ಸೆಪ್ಟೆಂಬರ್ ಮಳೆಯವರೆಗೆ ಕಾಯಬಹುದು.

(4) ಬುಡದ ಸುತ್ತ ಒಣ ಎಲೆ, ಹುಲ್ಲು ಅಥವಾ ತೊಗರಿ ಹೊಟ್ಟಿನ ಹೊದಿಕೆ ಹಾಕಬೇಕು. ಇದರಿಂದ ತೇವಾಂಶ ಉಳಿಯುತ್ತದೆ ಮತ್ತು ಎರೆ ಮಣ್ಣು ಬಿರುಕು ಬಿಡುವುದು ಕಡಿಮೆಯಾಗುತ್ತದೆ.

(5) ಬುಡದ ಬಳಿ ಸಣ್ಣ ತೂತಿನ ಮಡಕೆಯನ್ನು ಹೂಳಿ ನೀರು ತುಂಬಿದಲ್ಲಿ ನೀರು ನಿಧಾನವಾಗಿ ಬೇರಿಗೆ ಇಳಿಯುತ್ತದೆ.

(6) ಆಡು, ದನಗಳಿಂದ ರಕ್ಷಣೆಗಾಗಿ ಮುಳ್ಳಿನ ಬೇಲಿ ಅಥವಾ ಜಾಲರಿ ಕಡ್ಡಾಯವೆಂದು ತಿಳಿಯಬೇಕು.

(7) ಮನೆಯ ಪಶ್ಚಿಮ ದಿಕ್ಕಿಗೆ ನೆಟ್ಟ ಮರವು ಮಧ್ಯಾಹ್ನ ಹಾಗೂ ಸಂಜೆಯ ಬಿಸಿಲನ್ನು ತಡೆಯುವುದರಿಂದ ಹೆಚ್ಚಿನ ಪ್ರಯೋಜನವಾಗುತ್ತದೆ.

9. ಇರುವ ಮರ ಮತ್ತು ಬಯಲು ಜಾಗಗಳ ಸಂರಕ್ಷಣೆ

ನಲವತ್ತು ವರ್ಷದ ಬೇವಿನ ಮರವೊಂದು ನೀಡುವ ನೆರಳನ್ನು ಹೊಸ ಸಸಿಯಿಂದ ಪಡೆಯಲು ಅಷ್ಟೇ ಕಾಲ ಬೇಕು. ಆದುದರಿಂದ ಇರುವ ಮರವನ್ನು ಉಳಿಸುವುದೇ ಮೊದಲ ಕರ್ತವ್ಯ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ, ಖಾಸಗಿ ಜಾಗದಲ್ಲಿರುವ ಮರವನ್ನು ಕಡಿಯಲೂ ವೃಕ್ಷಾಧಿಕಾರಿಗಳ ಅನುಮತಿ ಅಗತ್ಯ. ಮರವು ಒಣಗಿದ್ದಲ್ಲಿ, ರೋಗಪೀಡಿತವಾಗಿದ್ದಲ್ಲಿ, ಗಾಳಿಗೆ ಉರುಳಿದ್ದಲ್ಲಿ ಅಥವಾ ಜೀವ, ಆಸ್ತಿಗೆ ಅಪಾಯವೊಡ್ಡುತ್ತಿದ್ದಲ್ಲಿ ಅನುಮತಿ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ. ಅನುಮತಿ ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕಾಗುತ್ತದೆ. ಕಡಿದ ಮರದ ಬದಲಿಗೆ ಸಸಿ ನೆಡುವ ಹೊಣೆಯು ಅನುಮತಿ ಪಡೆದವರದಾಗಿರುತ್ತದೆ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವನೆ ಇದ್ದಲ್ಲಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸತಕ್ಕದ್ದು. ನಾಗರಿಕರು ಈ ಅವಕಾಶವನ್ನು ಬಳಸಿಕೊಳ್ಳಬೇಕು.

ಬಡಾವಣೆಗಳಲ್ಲಿ ಉದ್ಯಾನವನಕ್ಕೆಂದು ಬಿಟ್ಟ ಜಾಗವು ಖಾಲಿ ಬಿದ್ದಾಗ ಅದು ಕಸದ ತಿಪ್ಪೆಯಾಗುವ ಅಥವಾ ಅನ್ಯ ಉದ್ದೇಶಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಕರ್ನಾಟಕ ಉದ್ಯಾನವನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮ, 1985 ಇಂತಹ ಜಾಗಗಳನ್ನು ಸಂರಕ್ಷಿಸುವ ಉದ್ದೇಶದಿಂದಲೇ ರೂಪಿತವಾಗಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನವನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿಕೆ ಮಾಡಿದುದನ್ನು ನಿವಾಸಿಗಳು ಪ್ರಶ್ನಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆ ಹಂಚಿಕೆಯು ಅಸಿಂಧುವೆಂಬ ತೀರ್ಪನ್ನು ಎತ್ತಿಹಿಡಿಯಿತು. ಬಡಾವಣೆಯ ನಿವಾಸಿಗಳಿಗೆ ಇಂತಹ ವಿಷಯವನ್ನು ಪ್ರಶ್ನಿಸುವ ಹಕ್ಕಿದೆ ಎಂಬುದನ್ನು ಈ ತೀರ್ಪು ಸ್ಪಷ್ಟಪಡಿಸಿತು.

10. ಅರ್ಜಿದಾರರ ಗಮನಕ್ಕೆ

ಸಸಿಗಳಿಗಾಗಿ: ಅರಣ್ಯ ಇಲಾಖೆಯ ಪ್ರಾದೇಶಿಕ ಹಾಗೂ ಸಾಮಾಜಿಕ ಅರಣ್ಯ ವಿಭಾಗಗಳ ನರ್ಸರಿಗಳಲ್ಲಿ ನಿಗದಿತ ದರದಲ್ಲಿ ಸಸಿಗಳು ದೊರೆಯುತ್ತವೆ. ಮಳೆಗಾಲಕ್ಕೆ ಮುಂಚಿತವಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಬೇಡಿಕೆಯನ್ನು ಸಲ್ಲಿಸುವುದು ಒಳಿತು. ಪಟ್ಟಣದ ಅಂಚಿನಲ್ಲಿ ಜಮೀನು ಹೊಂದಿರುವ ರೈತರು 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ವಿವರಗಳನ್ನು ಅಲ್ಲಿಯೇ ವಿಚಾರಿಸಬಹುದು. ನೆಟ್ಟ ಸಸಿಗಳಿಗಲ್ಲದೆ, ಬದುಕುಳಿದ ಸಸಿಗಳ ಆಧಾರದ ಮೇಲೆ ಹಂತಹಂತವಾಗಿ ಪ್ರೋತ್ಸಾಹಧನ ನೀಡುವುದು ಈ ಯೋಜನೆಯ ವೈಶಿಷ್ಟ್ಯ.

ಮರ ಕಡಿಯುವ ಅಥವಾ ಕೊಂಬೆ ಸವರುವ ಅನುಮತಿಗಾಗಿ: ಮರವಿರುವ ಸ್ಥಳ, ಜಾತಿ, ಸಂಖ್ಯೆ, ಕಾರಣ ಮತ್ತು ಜಾಗದ ಮಾಲೀಕತ್ವದ ದಾಖಲೆಗಳೊಂದಿಗೆ ವೃಕ್ಷಾಧಿಕಾರಿಗಳಿಗೆ ಅರ್ಜಿ ಸಲ್ಲಿಸತಕ್ಕದ್ದು. ಮರದ ಭಾವಚಿತ್ರವನ್ನು ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ. ಕೊಂಬೆ ಸವರುವುದರಿಂದಲೇ ತೊಂದರೆ ನಿವಾರಣೆಯಾಗುವಂತಿದ್ದಲ್ಲಿ ಇಡೀ ಮರವನ್ನು ಕಡಿಯಲು ಕೋರದಿರುವುದು ಒಳ್ಳೆಯದು.

ಉದ್ಯಾನವನ ಮತ್ತು ರಸ್ತೆ ಬದಿಯ ಜಾಗಕ್ಕಾಗಿ: ವಾರ್ಡಿನ ನಿವಾಸಿಗಳು ಒಟ್ಟಾಗಿ ಮಹಾನಗರ ಪಾಲಿಕೆಯ ಆಯುಕ್ತರಿಗೆ ಅಥವಾ ನಗರಸಭೆ, ಪುರಸಭೆಗಳಲ್ಲಿ ಪೌರಾಯುಕ್ತರು, ಮುಖ್ಯಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಸಸಿಗಳಿಗೆ ನೀರು ಎಲ್ಲಿಂದ ಒದಗಿಸಲಾಗುವುದು ಮತ್ತು ಪಾಲನೆಯ ಹೊಣೆ ಯಾರದು ಎಂಬುದನ್ನು ನಮೂದಿಸಿದಲ್ಲಿ ಅದಕ್ಕೆ ಹೆಚ್ಚಿನ ಬಲ ಬರುತ್ತದೆ. ಕೆರೆಯಂಗಳ ಹಾಗೂ ಸರ್ಕಾರಿ ಜಾಗಗಳ ಒತ್ತುವರಿಯ ಬಗ್ಗೆ ತಹಶೀಲ್ದಾರರ ಕಚೇರಿಗೆ ಲಿಖಿತ ದೂರು ನೀಡಬಹುದು.

ಅರ್ಜಿಯ ಸ್ವೀಕೃತಿ: ಯಾವುದೇ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಸೇರಿದ ಸೇವೆಯಾಗಿದ್ದಲ್ಲಿ ಸ್ವೀಕೃತಿಯ ಮೇಲೆ 15 ಅಂಕಿಗಳ ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಪಡೆಯಲು ಈ ಅಧಿನಿಯಮದಲ್ಲಿ ಅವಕಾಶವಿದೆ. ತಮ್ಮ ಬಡಾವಣೆಯಲ್ಲಿ ಉದ್ಯಾನವನಕ್ಕೆ ಮೀಸಲಾದ ಜಾಗದ ನಕ್ಷೆ, ನೆಡುತೋಪಿನ ವೆಚ್ಚ ಮತ್ತು ಬದುಕುಳಿದ ಸಸಿಗಳ ವಿವರಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಮೇರೆಗೆ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದಾಗಿದ್ದು, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದ ವಿನಾಯಿತಿ ಇದೆ. ಇಂತಹ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ತುರ್ತು ಸಂದರ್ಭದಲ್ಲಿ: ಬಿಸಿಲಿನಿಂದ ಯಾರಾದರೂ ಪ್ರಜ್ಞೆ ತಪ್ಪಿದಲ್ಲಿ, ತೊದಲಿದಲ್ಲಿ ಅಥವಾ ಮೈ ಕೆಂಡದಂತೆ ಸುಡುತ್ತಿದ್ದಲ್ಲಿ ಕೂಡಲೇ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಬೇಕು. 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು.

ಮುಕ್ತಾಯ

ಒಣ ಪಟ್ಟಣವನ್ನು ಒಂದು ಮಳೆಗಾಲದಲ್ಲಿ ಹಸಿರಾಗಿಸಲು ಸಾಧ್ಯವಿಲ್ಲ. ಛಾವಣಿಯ ನೀರು ಚರಂಡಿಗೆ ಹೋಗದೆ ನೆಲಕ್ಕೆ ಇಂಗಿದಲ್ಲಿ, ಬಾವಡಿ ಹಾಗೂ ಕೆರೆಗಳು ಕಸದಿಂದ ಮುಕ್ತವಾದಲ್ಲಿ, ಹಳೆಯ ಮರಗಳು ಉಳಿದಲ್ಲಿ, ಹೊಸ ಸಸಿಗಳಿಗೆ ಮೂರು ಬೇಸಿಗೆಗಳ ಕಾಲ ನೀರು ದೊರೆತಲ್ಲಿ ಹತ್ತು ಹದಿನೈದು ವರ್ಷಗಳಲ್ಲಿ ಬೀದಿಯ ರೂಪವೇ ಬದಲಾಗುತ್ತದೆ. ಇಲಾಖೆಗಳು ಸಸಿ, ಜಾಗ ಮತ್ತು ಅನುಮತಿಯನ್ನು ಒದಗಿಸಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಗಿಡದ ಬುಡಕ್ಕೆ ಬೀಳಬೇಕಾದ ಒಂದು ಬಿಂದಿಗೆ ನೀರಿಗೆ ಮಾತ್ರ ಆ ಬೀದಿಯವರೇ ದಿಕ್ಕು. ಸಾರ್ವಜನಿಕರು ಈ ಕಾರ್ಯದಲ್ಲಿ ಸಹಕರಿಸಲು ಕೋರಲಾಗಿದೆ.